ಸಿದರಾಯರ ಕಂಪ್ಯೂಟರಿನಲ್ಲಿ ಕೃತ್ತಿಕೆ

ಖಾನಾಪುರದ ಆ ಹೈಸ್ಕೂಲಿಗೆ 2002ರಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್, ಅದರ ಮೇಲೆ ಗ್ನೋಮ್ ಎಂಬ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲಿನ ಮೆನು, ಚಿತ್ರಗಳ ಏರ್ಪಾಡು. ಗುಮಾಸ್ತ ಸಿದರಾಯರು ಐವತ್ತಾರನೆಯ ವಯಸ್ಸಿನಲ್ಲಿ ಅದನ್ನು ಹಟ ಹಿಡಿದು ಕಲಿತಿದ್ದರು. ಮೂಲೆಯಲ್ಲಿದ್ದ ಹೆಜ್ಜೆಯ ಚಿತ್ರ ಒತ್ತಿದರೆ ಮೆನು ಬರುತ್ತದೆ, ಅಲ್ಲಿಂದ ಮುಂದಿನದೆಲ್ಲ ಅವರಿಗೆ ಬಾಯಿಪಾಠ.

ವಿಜ್ಞಾನ ಕಲಿಸುವ ಪ್ರಮಿಳಾಗೆ ಮಕ್ಕಳಿಗೆ ನಕ್ಷತ್ರ ತೋರಿಸುವ ಆಸೆ. ಅದಕ್ಕೆ ಕೆಸ್ಟಾರ್ಸ್ ಎಂಬ ಪ್ರೋಗ್ರಾಂ ಇತ್ತು, ಆದರೆ ಅದು ಕೆಡಿಇ ಎಂಬ ಬೇರೆ ಡೆಸ್ಕ್‌ಟಾಪಿನದು. ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಸಿ.ಡಿ. ಹಾಕಿ, ಕಂಪ್ಯೂಟರ್ ನೇರವಾಗಿ ಕೆಡಿಇಯಲ್ಲೇ ತೆರೆಯುವಂತೆ ಮಾಡಿಬಿಟ್ಟಳು. ಸಿದರಾಯರನ್ನು ಒಂದು ಮಾತೂ ಕೇಳಲಿಲ್ಲ.

ಸೋಮವಾರ ಅವರು ಪರದೆಯ ಮೂಲೆ ಮೂಲೆ ಹುಡುಕಿದರು.

"ಬಾಯಾರ, ಇಲ್ಲಿದ್ದ ಹೆಜ್ಜಿ ಎಲ್ಲಿ ಹೋತ್ರಿ?" ಎಂದು ಪ್ರಮಿಳಾಳನ್ನು ಕೇಳಿದರು.

ಅವಳು ವಿವರಿಸುವಷ್ಟರಲ್ಲಿ ಅವರು ಎದ್ದು, ವರ್ಗಾವಣೆ ಪತ್ರಗಳನ್ನು ಕೈಯಿಂದ ಬರೆಯಲು ಕುಳಿತರು. ಸಿಟ್ಟು ಮಾಡಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಸಂಜೆ ಬೆಳಗಾವಿಯ ಬಸ್ಸು ಹಿಡಿದಳು. ಆಟೋ ನಗರದ ವರ್ಕ್‌ಶಾಪೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ವಿನಯ ಅವಳ ಕಾಲೇಜಿನವನು.

"ಗ್ನೋಮ್ ಯಾಕ ಬಿಟ್ರಿ ಅಕ್ಕಾ?" ಎಂದ. "ಕೆಡಿಇಗೆ ಬೇಕಾದ ಫೈಲ್ ಎಲ್ಲಾ ಈಗ ಒಳಗ ಅದಾವಲ್ಲ, ಆ ಪ್ರೋಗ್ರಾಂ ಗ್ನೋಮ್‌ನ್ಯಾಗೂ ಓಡತೈತಿ. ಲಾಗಿನ್ ಆಗೂಮುಂದ ಗ್ನೋಮ್ ಆರಿಸ್ರಿ, ಮುಗೀತು. ಬಟನ್ ಒಂಚೂರು ಬ್ಯಾರೆ ಕಾಣತಾವ, ತೆರಿಯಾಕ ತಡ ಆಗತೈತಿ, ಅಷ್ಟ."

"ಖರೇನ?"

"ಮಾಡಿ ನೋಡ್ರಿ."

ಮರುದಿನ ಬೆಳಿಗ್ಗೆ ಹೆಜ್ಜೆಯ ಚಿತ್ರ ತನ್ನ ಮೂಲೆಗೆ ಬಂದಿತ್ತು. "ನಿಮ್ಮನ್ನ ಕೇಳಬೇಕಿತ್ತು ಸರ, ತಪ್ಪಾತು," ಎಂದಳು ಪ್ರಮಿಳಾ. ಸಿದರಾಯರು ತಲೆಯಾಡಿಸಿ ಮೆನು ತೆರೆದರು. ಅಲ್ಲಿ ಹೊಸ ಹೆಸರೊಂದನ್ನು ಕಂಡು ತಾವೇ ಒತ್ತಿದರು. ಅರ್ಧ ನಿಮಿಷ ಕಾದ ಮೇಲೆ ಪರದೆ ತುಂಬ ಕಪ್ಪು ಆಕಾಶ ಹರಡಿಕೊಂಡಿತು.

"ಇದರಾಗ ದಸರಾ ಹೊತ್ತಿನ ಆಕಾಶ ಬರತೈತೇನ್ರಿ? ಬೆಳಗಿನ ಮೂರರದು?"

ಅವಳು ದಿನ, ವೇಳೆ ಬದಲಿಸಿದಳು. ಅವರು ಕುರ್ಚಿ ಮುಂದೆ ಎಳೆದು ನಡುವಿನ ಚುಕ್ಕಿಗಳ ಗುಂಪಿಗೆ ಬೆರಳು ಇಟ್ಟರು.

"ಕೃತ್ತಿಕಾ. ಇದು ನೆತ್ತಿ ಮ್ಯಾಲ ಬಂತಂದ್ರ ನಮ್ಮಪ್ಪ ಕುರಿ ಎಬ್ಬಿಸಿ ಹೊಂಡತಿದ್ದ. ನಾನೂ ಬೆನ್ನ ಹತ್ತಿ ಹೋಗತಿದ್ದೆ."

ಇಂಥದ್ದನ್ನು ಅವರು ಹಿಂದೆಂದೂ ಹೇಳಿರಲಿಲ್ಲ. "ಸರ, ಇದನ್ನ ಹುಡುಗರಿಗೆ ಹೇಳಾಕ ಬರ್ರಿ," ಎಂದಳು.

"ನಾ ಏನ ಕಲಸಲಿ?" ಎಂದರೂ ಗುರುವಾರ ಬಂದರು. ಒಂಬತ್ತನೆಯ ವರ್ಗದ ಮುಂದೆ ನಿಂತು ಅರ್ಧ ಗಂಟೆ ಮಾತಾಡಿದರು. ಪ್ರಮಿಳಾ ಹಿಂದಿನ ಬೆಂಚಿನಲ್ಲಿ ಕುಳಿತು ಅದನ್ನೆಲ್ಲ ಬರೆದುಕೊಂಡಳು.