ಹಳೇ ನಕ್ಷೆಯ ಗಾಡಿ

ಅಫಜಲಪುರದ ಸೂರ್ಯಕಾಂತ ಸಾಹುಕಾರರ ಬಿಳಿ ಬಾಡಿಗೆ ಗಾಡಿಯಲ್ಲಿ ಗಾಣಗಾಪುರಕ್ಕೆ ಹೊರಟವರು ಬೈಪಾಸಿನ ಕವಲಿಗೆ ಬಂದಾಗ ಒಮ್ಮೆ ತಲೆ ಎತ್ತಿ ನೋಡುತ್ತಿದ್ದರು. ಬಲಕ್ಕೆ ನುಣ್ಣನೆಯ ಹೊಸ ರಸ್ತೆ, ಅದರ ಮೇಲೆ ಹಸಿರು ಬೋರ್ಡು, ದತ್ತನ ಗುಡಿಯ ಕಡೆಗೆ ಬಾಣದ ಗುರುತು. ಎಡಕ್ಕೆ ಬೇವಿನವಾಡಿಗೆ ಹೋಗುವ, ತೇಪೆ ಮೇಲೆ ತೇಪೆ ಬಿದ್ದ ಹಳೇ ದಾರಿ. ಡ್ರೈವರ್ ದಿಲೀಪ ಹಿಂದೆ ಮುಂದೆ ನೋಡದೆ ಎಡಕ್ಕೆ ಹೊರಳಿಸುತ್ತಿದ್ದ.

"ಆ ಕಡೆ ಅಲ್ಲೇನ್ರಿ?" ಎಂದು ಯಾರಾದರೂ ಕೇಳಿದರೆ ಡ್ಯಾಶ್‌ಬೋರ್ಡಿನ ಪರದೆಗೆ ಬೆರಳು ತೋರಿಸುತ್ತಿದ್ದ. "ಮಷೀನ್ ಇದನ್ನ ತೋರಸಾಕತ್ತೇದ ನೋಡ್ರಿ."

ಮಷೀನು ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಅದಕ್ಕೆ ಬೈಪಾಸು ಹುಟ್ಟಿದ್ದೇ ಗೊತ್ತಿರಲಿಲ್ಲ. ಪರದೆಯಲ್ಲಿ ಆ ಜಾಗದಲ್ಲಿ ಬರೀ ಹೊಲ. ಗಾಡಿಯೊಳಗಿನ ನಕ್ಷೆ ಫೋನಿನ ನಕ್ಷೆಯ ಹಾಗೆ ತಾನಾಗಿ ಹೊಸದಾಗುವುದಿಲ್ಲ. ಕಂಪನಿಯವರು ಆಗಾಗ ಹೊಸ ನಕ್ಷೆ ಕೊಡುತ್ತಾರೆ. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಗಾಡಿಗೆ ಚುಚ್ಚಿ, ಎಂಜಿನ್ ಚಾಲೂ ಇಟ್ಟು ಕಾಯಬೇಕು. ಆ ಕೆಲಸ ದಿಲೀಪನ ಜಿಮ್ಮಾ. ದಿನಾ ಮುಂಜಾನೆ ಗಾಡಿ ಚಾಲೂ ಮಾಡಿದ ಕೂಡಲೇ ಪರದೆಯ ಮೇಲೆ 'ನಕ್ಷೆ ಹಳೆಯದಾಗಿದೆ, ಈಗ ಬದಲಿಸುವುದೇ?' ಎಂಬ ಪ್ರಶ್ನೆ ಮೂಡುತ್ತಿತ್ತು. ದಿಲೀಪ ಗುಡಿಯ ಗಂಟೆ ಮುಟ್ಟುವಷ್ಟು ಭಕ್ತಿಯಿಂದ 'ಆಮೇಲೆ' ಎಂಬುದನ್ನು ಒತ್ತುತ್ತಿದ್ದ.

ಯಾಕೆಂದರೆ ಬೇವಿನವಾಡಿಯಲ್ಲಿ ಮಧುಮತಿ ಇದ್ದಳು.

ಗಂಡ ತೀರಿಕೊಂಡ ಮೇಲೆ ಮಧುಮತಿ ಮನೆಯ ಮುಂದೆ ತಗಡು ಇಳಿಸಿ ಖಾನಾವಳಿ ಹಾಕಿದ್ದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು. ಗಾಣಗಾಪುರದ ದಾರಿಯೆಲ್ಲ ಅಲ್ಲೇ ನಿಂತು ಉಣ್ಣುತ್ತಿದ್ದ ಕಾಲ ಒಂದಿತ್ತು. ಬೈಪಾಸು ಬಂತು, ದಾರಿ ಆ ಕಡೆ ಹೋಯಿತು. ಈಗ ಉಳಿದ ಗಿರಾಕಿಗಳೆಂದರೆ ಕಬ್ಬಿನ ಟ್ರ್ಯಾಕ್ಟರಿನವರು, ಮತ್ತು ವಾರಕ್ಕೆ ಎರಡು ಮೂರು ಸಲ ದಿಲೀಪ ತರುವ ಯಾತ್ರಿಕರು. ಹೊರಡುವ ಮುಂಚೆ ಅವನು ಫೋನ್ ಹಚ್ಚಿ "ನಾಕು ತಾಟ್ರಿ" ಎನ್ನುತ್ತಿದ್ದ. ಅವಳು "ಹೂಂ ರಿ" ಎನ್ನುತ್ತಿದ್ದಳು. ಇಷ್ಟೇ ಮಾತು. ಆ "ಹೂಂ ರಿ" ಕೇಳಿದ ಮೇಲೆ ಕವಲಿನ ತನಕ ಅವನು ಸಿಳ್ಳೆಯಲ್ಲಿ ಹಾಡು ಹಾಡುತ್ತ ಬರುತ್ತಿದ್ದ.

ಗಿರಾಕಿ ತಂದ ಡ್ರೈವರಿಗೆ ಊಟ ಪುಕ್ಕಟೆ. ಇದು ಎಲ್ಲ ದಾರಿಯ ಹೋಟೆಲುಗಳ ರಿವಾಜು. ಇದರಿಂದ ಇಬ್ಬರಿಗೂ ಒಳ್ಳೆಯ ನೆಪ ಸಿಕ್ಕಿತ್ತು. ಅವನು ರಿವಾಜಿನಂತೆ ಒಳಗಿನ ಪಡಸಾಲೆಯಲ್ಲಿ ಕೂಡುತ್ತಿದ್ದ, ಅವಳು ರಿವಾಜಿನಂತೆ ಬಡಿಸುತ್ತಿದ್ದಳು. ಆದರೆ ಅವನ ರೊಟ್ಟಿಗೆ ಬೆಣ್ಣೆ ಸವರಬೇಕು ಎಂದು ಯಾವ ರಿವಾಜಿನಲ್ಲಿಯೂ ಇಲ್ಲ. ಇನ್ನೂ ಒಂದು ಮಾತು: ಊರ ಗಂಡಸರಿಗೆಲ್ಲ "ಅಣ್ಣಾ" ಎನ್ನುವ ಮಧುಮತಿ ಇವನಿಗೆ ಮಾತ್ರ "ಡ್ರೈವರ್ರೇ" ಎನ್ನುತ್ತಿದ್ದಳು. ಜಾಣನಾಗಿದ್ದರೆ ಇಷ್ಟರಲ್ಲೇ ತಿಳಿದುಕೊಳ್ಳುತ್ತಿದ್ದ. ದಿಲೀಪ ಸ್ಟೇರಿಂಗ್ ಹಿಡಿದರೆ ಹುಲಿ, ಇಳಿದರೆ ಇಲಿ. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ನಲವತ್ತು ದಾಟಿದ ಮೇಲೆ ಒಬ್ಬ ಹೆಣ್ಣುಮಗಳ ಮುಂದೆ ನಿಂತು ನೀನು ಬೇಕು ಅನ್ನುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಅವಳೇ ಒಂದು ದಿನ ಮಾತಿಗೆ ಬಾಗಿಲು ತೆರೆದಳು. ಗಿರಾಕಿಗಳು ಕೈ ತೊಳೆಯಲು ಹೋದಾಗ, ಒಲೆಯ ಮುಂದಿನಿಂದ ಏಳದೆ ಕೇಳಿದಳು.

"ಎಲ್ಲಾ ಗಾಡಿ ಬೈಪಾಸಿಗೆ ಹೊಂಟಾವ. ನೀವೊಬ್ರು ಯಾಕ ಈ ದಾರಿಗಿ ಬರ್ತೀರಿ, ಡ್ರೈವರ್ರೇ?"

ಅನ್ನು, ಮಾರಾಯ! ಈಗಲಾದರೂ ಅನ್ನು! ದಿಲೀಪನ ಎದೆಯಲ್ಲಿ ಇದ್ದದ್ದೆಲ್ಲ ಗಂಟಲ ತನಕ ಬಂತು. ಬಂದದ್ದು ಮಾತ್ರ ಬೇರೆ.

"ಮಷೀನ್ ತೋರಸ್ತದ್ರಿ. ಅದಕ್ಕ ಬರ್ತೇನಿ."

ಅವಳು ರೊಟ್ಟಿಯನ್ನು ಹೆಂಚಿನ ಮೇಲೆ ಮಗುಚಿದಳು. "ಹಂಗೇನ್ರಿ," ಎಂದಳು. ಪಾತ್ರೆ ತಿಕ್ಕುತ್ತಿದ್ದ ಮುದುಕಿ ಬಾಳಮ್ಮ ತಲೆ ಎತ್ತಿ ಇಬ್ಬರನ್ನೂ ನೋಡಿ, ಮತ್ತೆ ಪಾತ್ರೆ ತಿಕ್ಕಿದಳು.

ಹೀಗೆ ಒಂದು ವರ್ಷವೇ ನಡೆಯಿತು. ಆಮೇಲೆ ಸೂರ್ಯಕಾಂತ ಸಾಹುಕಾರರೇ ಒಮ್ಮೆ ಮನೆಮಂದಿಯನ್ನು ಕರೆದುಕೊಂಡು ಗಾಣಗಾಪುರದ ದರ್ಶನಕ್ಕೆ ಹೊರಟರು. ಮುಂದಿನ ಸೀಟಿನಲ್ಲಿ ಕೂತಿದ್ದರು. ಕವಲಿನಲ್ಲಿ ಹಸಿರು ಬೋರ್ಡನ್ನೂ ಪರದೆಯನ್ನೂ ನೋಡಿದರು.

"ಏ ದಿಲೀಪ, ಇದರಾಗ ಬೈಪಾಸ್ ಇಲ್ಲಲ್ಲೋ?"

"ಮಷೀನಿಗಿ ಗೊತ್ತಿಲ್ರಿ ಸಾಹುಕಾರ್ರ."

"ಮಷೀನಿಗಿ ಗೊತ್ತಿಲ್ಲ. ನಿನಗ ಗೊತ್ತಿಲ್ಲೇನು?"

ದಿಲೀಪ ಗೇರ್ ಬದಲಿಸಿದ. ಮಧುಮತಿಯ ಮನೆಯಲ್ಲಿ ಸಾಹುಕಾರರು ಸೊಂಟದ ದಾರ ಬಿಗಿಯಾಗುವಷ್ಟು ಉಂಡರು, ಕೈ ನೆಕ್ಕಿದರು, ಹೊಗಳಿದರು. ಮರುದಿನ ಮಾತ್ರ ಗಾಡಿಯನ್ನು ತಾವೇ ಕಲಬುರಗಿಯ ಶೋರೂಮಿಗೆ ಕಳಿಸಿದರು. ಸಂಜೆ ಗಾಡಿ ಬಂದಾಗ ಅದರ ಹೊಟ್ಟೆಯಲ್ಲಿ ಹೊಸ ನಕ್ಷೆ ಇತ್ತು. ಜೊತೆಗೆ ಒಂದು ಸಿಮ್ಮೂ ಇತ್ತು. ಇನ್ನು ಮೇಲೆ ನಕ್ಷೆ ತಾನೇ ಹೊಸದಾಗುತ್ತದೆ, ಎಲ್ಲಿ ಟ್ರಾಫಿಕ್ಕು ಎಲ್ಲಿ ರಸ್ತೆ ಕೆಲಸ ಎಂಬುದೂ ತಾನೇ ಬರುತ್ತದೆ, ಯಾರನ್ನೂ ಏನೂ ಕೇಳುವುದಿಲ್ಲ ಎಂದು ಶೋರೂಮಿನವರು ಹೇಳಿ ಕಳಿಸಿದ್ದರು. ಮರುದಿನ ಮುಂಜಾನೆ ದಿಲೀಪ ಗಾಡಿ ಚಾಲೂ ಮಾಡಿ ಪರದೆ ನೋಡಿದ. ಬೈಪಾಸು ನೀಲಿ ಗೆರೆಯಾಗಿ ಮಿಂಚುತ್ತಿತ್ತು. ಬೇವಿನವಾಡಿ ಬೂದಿ ಬಣ್ಣದ ಒಂದು ಎಳೆಯ ಮೇಲೆ ಚುಕ್ಕೆಯಾಗಿತ್ತು.

ಆ ದಿನದ ಗಿರಾಕಿ ಜೇವರ್ಗಿಯ ಅನುರಾಧಾ ಮೇಡಂ, ಕಾಲೇಜಿನಲ್ಲಿ ಪಾಠ ಹೇಳುವವರು. ಜೊತೆಗೆ ಅತ್ತೆ ಮತ್ತು ಇಬ್ಬರು ಹೆಣ್ಣುಮಕ್ಕಳು. ದಿಲೀಪ ಮೊಂಡು ಧೈರ್ಯ ಮಾಡಿ ಮಧುಮತಿಗೆ ಫೋನ್ ಹಚ್ಚಿ "ನಾಕು ತಾಟ್ರಿ" ಎಂದ. ಅವಳು "ಹೂಂ ರಿ" ಎಂದಳು. ಮಷೀನು ಏನು ಬೇಕಾದರೂ ಅನ್ನಲಿ, ಎಡಕ್ಕೆ ಹೊರಳಿಸಿದರೆ ಆಯಿತು ಎಂದು ಲೆಕ್ಕ ಹಾಕಿದ್ದ.

ಕವಲಿನಲ್ಲಿ ಹೊರಳಿಸಿದ. ಮಷೀನಿನ ಹೆಣ್ಣುದನಿ ಹಿಂದಿಯಲ್ಲಿ ಯೂ ಟರ್ನ್ ಮಾಡಿ ಎಂದಿತು. ಅವನು ಕೇಳಿಸದವನಂತೆ ಹೊಡೆದ. ಅದು ಮತ್ತೆ ಅಂದಿತು. ಮತ್ತೆ ಮತ್ತೆ ಅಂದಿತು. ಸದ್ದು ಕಡಿಮೆ ಮಾಡಲು ಗುಂಡಿ ಹುಡುಕಿದರೆ ಹೊಸ ನಕ್ಷೆಯ ಜೊತೆಗೆ ಗುಂಡಿಗಳೂ ಜಾಗ ಬದಲಿಸಿದ್ದವು.

"ಏನ್ರಿ ಇದು, ಎಲ್ಲಿ ಒಯ್ಯಾಕತ್ತೀರಿ?" ಅನುರಾಧಾ ಮೇಡಂ ಮುಂದಕ್ಕೆ ಬಾಗಿದರು. "ಗಾಡಿ ಹೊಳ್ಳಸು ಅನ್ನಾಕತ್ತೇದ!"

"ಇಲ್ಲೇ ಊಟ ಛಲೋ ಸಿಗ್ತದ್ರಿ ಮೇಡಂ."

"ನಮಗ ಊಟ ಬೇಕು ಅಂತ ಯಾರು ಹೇಳಿದ್ರು? ಹೆಣ್ಣಮಕ್ಕಳು ಅದಾವ ಗಾಡ್ಯಾಗ. ಮೊದಲ ಹೊಳ್ಳಸ್ರಿ!" ಅತ್ತೆ ಬಾಗಿಲ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ದತ್ತನ ನಾಮ ಹೇಳತೊಡಗಿದರು. ಮೇಡಂ ಫೋನ್ ತೆಗೆದು ಗಂಡನ ನಂಬರು ಒತ್ತಿದರು.

ಕಾಲುವೆಯ ಸೇತುವೆ ಬಂದಿತ್ತು. ಅಲ್ಲಿಂದ ಮಧುಮತಿಯ ತಗಡು ಕಾಣುತ್ತದೆ, ಒಲೆಯ ಹೊಗೆ ಕಾಣುತ್ತದೆ. ತಗಡಿನ ಮುಂದೆ ಯಾರೋ ಹೊರಗೆ ಬಂದು ನಿಂತದ್ದೂ ಕಂಡಿತು. ಹಸಿರು ಸೀರೆ. ಗಾಡಿಯೊಳಗೆ ಒಂದು ಕಡೆ ಮಷೀನು, ಇನ್ನೊಂದು ಕಡೆ ಮೇಡಂ, ಹಿಂದೆ ದತ್ತನಾಮ. ದಿಲೀಪ ಬ್ರೇಕು ಒತ್ತಿದ, ಗಾಡಿ ಹೊಳ್ಳಿಸಿದ.

ಬೈಪಾಸಿಗೆ ಬಂದ ಕೂಡಲೇ ಮಷೀನು ಸುಮ್ಮನಾಯಿತು. ದಿಲೀಪನ ಕಣ್ಣು ತುಂಬಿಕೊಂಡಿತ್ತು. ಧೂಳು ಎಂದು ಹೇಳಿಕೊಳ್ಳೋಣ ಎಂದರೆ ಏಸಿ ಗಾಡಿಯಲ್ಲಿ ಧೂಳು ಎಲ್ಲಿಯದು?

ಅವತ್ತೇ ಫೋನ್ ಹಚ್ಚಿ ತಪ್ಪಾಯಿತು ಎನ್ನಬಹುದಿತ್ತು. ನಂಬರು ಇತ್ತು, ಫೋನು ಕೈಯಲ್ಲೇ ಇತ್ತು. ಆದರೆ ತಾಟು ಹೇಳುವುದಕ್ಕಲ್ಲದೆ ಅವನು ಎಂದೂ ಅವಳಿಗೆ ಫೋನ್ ಮಾಡಿದವನಲ್ಲ. ಮಾಡಿಸಿಟ್ಟ ಅಡುಗೆ ಕೆಡಿಸಿದ ಮೇಲೆ ಯಾವ ಮುಖ ಇಟ್ಟುಕೊಂಡು ಮಾತಾಡುವುದು? ನಾಳೆ ಮಾಡೋಣ ಎಂದುಕೊಂಡ. ನಾಳೆ ಎಂದವನ ಮನೆ ಹಾಳು. ಲಗ್ನದ ಸುಗ್ಗಿ ಬಂತು, ಬಾಡಿಗೆ ಮೇಲೆ ಬಾಡಿಗೆ ಬಿತ್ತು. ಗಾಣಗಾಪುರಕ್ಕೆ ಹೋದಾಗಲೆಲ್ಲ ಬೈಪಾಸಿನ ಮೇಲೆ ನಿಂತು ಹೊಲಗಳ ಆಚೆ ಬೇವಿನವಾಡಿಯ ಕಡೆ ನೋಡುತ್ತಿದ್ದ. ಹೊಗೆ ಕಾಣುವುದೇನೋ ಎಂದು ನೋಡುತ್ತಿದ್ದ. ಗಿರಾಕಿಗಳು ಮೂತ್ರಕ್ಕೆ ನಿಲ್ಲಿಸಿದ್ದಾನೆ ಎಂದು ತಿಳಿಯುತ್ತಿದ್ದರು.

ತಿಂಗಳ ಮೇಲೆ ಒಂದು ದಿನ ರಜೆ ಸಿಕ್ಕಿತು. ದಿಲೀಪ ತನ್ನ ಹಳೇ ಮೋಟರ್‌ಸೈಕಲ್ ತೆಗೆದ. ಒಗೆದ ಅಂಗಿ ಹಾಕಿಕೊಂಡ. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡ. ಬೇವಿನವಾಡಿಯಲ್ಲಿ ತಗಡಿನ ಕೆಳಗೆ ಬೆಂಚುಗಳಿರಲಿಲ್ಲ. ಬಾಗಿಲಿಗೆ ಕೀಲಿ ಬಿದ್ದಿತ್ತು. ಬಾಳಮ್ಮ ಪಕ್ಕದ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಮಧುಮತಿ ಎಲ್ಲ್ಯದಾರ, ಯವ್ವಾ?"

"ಹೋದಳಪ್ಪ. ಖಜೂರಿಗಿ. ಆಕಿ ಅಣ್ಣ ಜಗದೇವ ಟೆಂಪೊ ತಂದು ಭಾಂಡಿ ಸಾಮಾನು ಎಲ್ಲಾ ಹೇರ್ಕೊಂಡು ಹೋದ. ಅಲ್ಲಿ ಲಾರಿಯವ್ರಿಗಿ ಧಾಬಾ ಹಾಕ್ಯಾನಂತ." ಬಾಳಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಂವ ಎರಡು ವರ್ಷದಿಂದ ಕರಿತಿದ್ದ. ಈಕಿ ಒಲ್ಲೆ ಅಂತಿದ್ದಳು. ಗಿರಾಕಿ ಇಲ್ಲದ ಊರಾಗ ಏನ್ ಇಟ್ಟೇದ ಅಂದ್ರ ನಗತಿದ್ದಳು. ಆ ದಿನ ನೀ ಕಾಲುವಿ ತನಕ ಬಂದು ಹೊಳ್ಳಿ ಹೋದಿ ನೋಡು, ಮಾಡಿದ್ದ ರೊಟ್ಟಿ ಎಲ್ಲಾ ದನಕ್ಕ ಹಾಕಿದಳು. ಅವತ್ತ ಅಣ್ಣಗ ಫೋನ್ ಹಚ್ಚಿದಳು."

ದಿಲೀಪ ಕಟ್ಟೆಗೆ ಒರಗಿದ.

"ಆಕಿಗಿ ಉಡಿಕಿ ಮಾಡ್ತಾರಂತ," ಎಂದಳು ಬಾಳಮ್ಮ. ವಿಧವೆಯನ್ನು ಮತ್ತೆ ಮದುವೆ ಮಾಡಿಕೊಡುವುದಕ್ಕೆ ಆ ಸೀಮೆಯಲ್ಲಿ ಉಡಿಕಿ ಎನ್ನುತ್ತಾರೆ. "ಉಮರ್ಗಾದ ಕಡಿಯಾಂವ. ಸೋಮವಾರ ಬಂದು ಮಾತು ಗಟ್ಟಿ ಮಾಡ್ತಾರಂತ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇಂಥವರನ್ನು ನೋಡಿಯೇ. ಆದರೆ ಸೋಮವಾರ ಇನ್ನೂ ಬಂದಿರಲಿಲ್ಲ. ದಿಲೀಪ ಮೋಟರ್‌ಸೈಕಲ್ಲಿಗೆ ಒದ್ದ. ಆಳಂದ ದಾಟಿ ಖಜೂರಿ ಮುಟ್ಟುವ ತನಕ ಎಲ್ಲಿಯೂ ನಿಲ್ಲಲಿಲ್ಲ. ಜೋಡಿಸಿಕೊಂಡಿದ್ದ ಮಾತುಗಳೆಲ್ಲ ದಾರಿಯಲ್ಲಿ ಎಲ್ಲೋ ಉದುರಿಹೋದವು.

ಖಜೂರಿಯ ಧಾಬಾ ಮಹಾರಾಷ್ಟ್ರದ ರಸ್ತೆಗೆ ಹತ್ತಿಯೇ ಇತ್ತು. ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಮಧುಮತಿ ಹಿಂದಿನ ತಗಡಿನ ಕೆಳಗೆ ಒಬ್ಬಳೇ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡವಾಗಿದ್ದಳು. ನೆರಳು ಬಿದ್ದದ್ದಕ್ಕೆ ತಲೆ ಎತ್ತಿದಳು, ಕೈ ನಿಂತಿತು.

"ಗಿರಾಕಿ ಎಲ್ಲ್ಯದಾರ, ಡ್ರೈವರ್ರೇ?"

"ಯಾರೂ ಇಲ್ರಿ. ನಾ ಒಬ್ಬನ ಬಂದೇನಿ."

"ದಾರಿ ತಪ್ಪೀರೇನು?"

"ಇಲ್ರಿ." ಅವನು ಒಂದು ಹೆಜ್ಜೆ ಮುಂದೆ ಬಂದ. "ಮಷೀನ್ ತೋರಸ್ತದ ಅಂತ ನಾ ಅಂದದ್ದು ಸುಳ್ಳರಿ. ನನಗ ಬೈಪಾಸ್ ಮೊದಲನ ದಿನದಿಂದ ಗೊತ್ತಿತ್ತು. ನಕ್ಷೆ ನಾನ ಹೊಸಾದು ಮಾಡಸಿದ್ದಿಲ್ಲ. ಹೊಸಾದು ಮಾಡಸಿದ್ರ ನಿಮ್ಮ ಕಡಿ ಬರಾಕ ನೆಪ ಉಳೀತಿದ್ದಿಲ್ಲ. ನಿಮ್ಮನ್ನ ನೋಡಲಿಕ್ಕ ಬರ್ತಿದ್ದೆ. ಇಷ್ಟ ಹೇಳಬೇಕಿತ್ತರಿ."

ಹೆಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ಮಧುಮತಿ ಅದನ್ನು ತೆಗೆದು ಪಕ್ಕಕ್ಕೆ ಎಸೆದಳು.

"ಅವತ್ತ ನಾ ಹೊರಗ ನಿಂತಿದ್ದೆ. ಕಾಲುವಿ ತನಕ ಬಂದಿದ್ರಿ."

"ಮಷೀನ್ ಹೊಳ್ಳಸು ಹೊಳ್ಳಸು ಅಂತ ಒದರಾಕತ್ತಿತ್ತರಿ. ಆ ಮೇಡಂನೂ ಒದರಾಕತ್ತಿದ್ರು..."

"ಒದರ್ಲಿ. ಗಾಡಿ ಹೊಡಿಯಾಂವ ಯಾರು?"

ಅವಳ ಕಣ್ಣಿನಿಂದ ನೀರು ಇಳಿಯಿತು. ಹಿಟ್ಟಿನ ಕೈಯಿಂದಲೇ ಒರಸಿಕೊಂಡಳು, ಕೆನ್ನೆಗೆಲ್ಲ ಹಿಟ್ಟಾಯಿತು.

"ಎಷ್ಟು ದಿನ ಕಾದೆ ನಾ," ಎಂದಳು. "ಈಗ ಅಣ್ಣ ಮಾತು ಕೊಟ್ಟಾನ. ಸೋಮವಾರ ಮಂದಿ ಬರ್ತಾರ. ನೀವು ಹೋಗ್ರಿ, ಡ್ರೈವರ್ರೇ. ಇಲ್ಲಿ ನಿಂದ್ರಬ್ಯಾಡ್ರಿ."

ದಿಲೀಪ ಅಲ್ಲೇ ನಿಂತ.

"ಹೋಗ್ರಿ ಅಂದೆ."

ಅವನು ಪಕ್ಕದಲ್ಲಿದ್ದ ಕಟ್ಟಿಗೆಯ ಸ್ಟೂಲನ್ನು ಎಳೆದುಕೊಂಡು ಒಲೆಯ ಎದುರಿಗೆ ಕೂತುಬಿಟ್ಟ.

"ಅಣ್ಣ ಬರೋ ಹೊತ್ತಾಯ್ತು. ಏನು ಅನ್ನಲಿ ಅವಗ?"

"ನಿಮಗ ತಿಳಿದದ್ದು ಅನ್ರಿ. ನಾ ಏಳಂಗಿಲ್ಲ."

ಅಷ್ಟರಲ್ಲಿ ಜಗದೇವ ಲಾರಿಯವರ ಖಾಲಿ ತಾಟುಗಳನ್ನು ಎತ್ತಿಕೊಂಡು ಹಿಂದೆ ಬಂದ. ಒಗೆದ ಅಂಗಿಯ ಗಂಡಸು, ತಂಗಿಯ ಕೆನ್ನೆಯ ಹಿಟ್ಟು, ಸೀದ ರೊಟ್ಟಿ, ಎಲ್ಲವನ್ನೂ ಒಂದೊಂದಾಗಿ ನೋಡಿದ.

"ಯಾರವ್ವಾ ಇವ್ರು?"

ಮಧುಮತಿ ಮುಖ ತಗ್ಗಿಸಿ ಹಿಟ್ಟಿನ ಇನ್ನೊಂದು ಮುದ್ದೆ ಹಿಡಿದಳು. ಅದನ್ನು ಬಡಿಯುವುದಕ್ಕೆ ಮೊದಲು ಒಂದು ಉಸಿರು ತೆಗೆದುಕೊಂಡಳು.

"ಅಫಜಲಪುರದ ದಿಲೀಪ ಅಂತ, ಅಣ್ಣಾ," ಎಂದಳು. "ನಿನ್ನ ಜೋಡಿ ನನ್ನ ಉಡಿಕಿ ಮಾತು ಆಡಾಕ ಬಂದಾರ. ಕುಂದ್ರು, ಕೇಳು."