ರದ್ದು ಮಾಡುವ ಹೀರೋ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ. ಹಿರಿಯೂರಿನಿಂದ ಹೊಳಲ್ಕೆರೆವರೆಗೆ ಕಂಪ್ಯೂಟರ್ ಮುಂದೆ ಕೂತವರನ್ನೆಲ್ಲ ಸಾಲಾಗಿ ನಿಲ್ಲಿಸಿದರೂ ಓಬಳೇಶನ ಕಾಲಿನ ಹೆಬ್ಬೆರಳಿಗೆ ಸಮವಾಗುವುದಿಲ್ಲ. ಐಮಂಗಲದ ಹೊಲದಲ್ಲಿ ಕುರಿಗಾಹಿ ನಿಂಗಕ್ಕನ ಎಳೆ ಕುರಿಮರಿಗಳು ಬೀದಿಗೆ ಬೀಳುವುದನ್ನು ತಪ್ಪಿಸಿದವನು ಅವನೇ. ಒಬ್ಬನೇ. ಅದೂ ಕುರ್ಚಿಯಿಂದ ಏಳದೆ.

ಓಬಳೇಶ ಹಿರಿಯೂರಿನ ಒಂದು ಸಣ್ಣ ಆಫೀಸಿನಲ್ಲಿದ್ದ. ಕುರಿಮಂದೆ ಹೊಲದಲ್ಲಿ ರಾತ್ರಿ ತಂಗಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಜಾಗ. ಯಾರ ಮಂದೆ ಯಾರ ಹೊಲಕ್ಕೆ ಎಂದು ಗೊತ್ತುಮಾಡುವುದು ಆ ಆಫೀಸಿನ ಕೆಲಸ. ಈಚೆಗೆ ಫೋನಿಗೆ ಉತ್ತರ ಕೊಡಲು ಒಂದು ಎಐ ಏಜೆಂಟ್ ಬಂದಿತ್ತು. ಅದರ ಕೈಗೆ ಕೆಲವು ಟೂಲ್‌ಗಳು: ಜಾಗ ಹುಡುಕಲು ಒಂದು, ಹೊಲದವರಿಗೆ ದೂರು ಮುಟ್ಟಿಸಲು ಒಂದು, ಬುಕ್ಕಿಂಗ್ ರದ್ದು ಮಾಡಲು ಒಂದು. ಯಾವುದನ್ನು ಯಾವಾಗ ಮುಟ್ಟಬೇಕೆಂದು ಏಜೆಂಟಿಗೆ ತಿಳಿಯುವುದು ಟೂಲ್ ಪಕ್ಕದಲ್ಲಿ ಬರೆದಿಟ್ಟ ವಿವರಣೆಯಿಂದ ಮಾತ್ರ. ಆ ವಿವರಣೆ ಬರೆಯುವುದು ಓಬಳೇಶನ ಪಾಲಿಗೆ ಬಂದಿತ್ತು.

ಓದುವುದು ಮಿಷನ್ ತಾನೆ ಎಂದು ಅವನು ಮಜಾ ತಗೊಂಡ. ರದ್ದು ಮಾಡುವ ಟೂಲ್‌ಗೆ ಹೀಗೆ ಬರೆದ: “ಇವನು ಎಂಟ್ರಿ ಕೊಟ್ರೆ ಸೀನೇ ಬೇರೆ. ಯಾವ ಕಷ್ಟ ಬಂದ್ರೂ ಕರೀಬೇಕಾದ್ದು ಇವನನ್ನೇ. ಉಳಿದೋರೆಲ್ಲ ಸೈಡ್ ಆಕ್ಟರ್.” ಬರೆದು ತಾನೇ ಶಿಳ್ಳೆ ಹೊಡೆದ.

ವಾರ ಕಳೆದಿರಲಿಲ್ಲ. ಬೆಳಿಗ್ಗೆ ನಿಂಗಕ್ಕ ಕೋಲಿನ ಸಮೇತ ಒಳಗೆ ಬಂದಳು. ಬಿಜಿಎಂ ಬೇಕಾಗಲಿಲ್ಲ, ಮೆಟ್ಟಿನ ಸದ್ದೇ ಸಾಕಾಯಿತು.

“ಯಾವನಲೇ ಅವ್ನು, ನನ್ನ ಜಾಗ ಕಿತ್ಕಂಡೋನು?”

ಮ್ಯಾನೇಜರ್ ಪರಮೇಶ್ ಎದ್ದುನಿಂತ. “ಕುಂತ್ಕಳಕ್ಕ, ಏನಾತು ಹೇಳು.”

“ಕುಂತ್ಕಳಾಕೆ ಜಾಗ ಎಲ್ಲಿ ಉಳಿಸೀರಪ್ಪ? ಐಮಂಗಲದ ಗೋವಿಂದಪ್ಪನ ಹೊಲ್ದಾಗೆ ತೊಟ್ಟಿ ಖಾಲಿ ಐತೆ, ನೀರು ಬಿಡ್ಸಿ ಅಂತ ನಿನ್ನೆ ಫೋನಿನಾಗೆ ಹೇಳ್ದೆ. ಹೊತ್ತು ಮುಳುಗಾದ್ರೊಳಗೆ ಚಿತ್ತಯ್ಯ ಮಂದೆ ಹೊಡ್ಕಂಡು ಬಂದು ನಿಂತ. ಜಾಗ ತನಗೆ ಕೊಟ್ಟಾರೆ ಅಂತಾನೆ. ಎರಡು ಮಂದೆ ಕಲಸಿ ಕುಂತೈತೆ. ಮೊನ್ನೆ ಈದ ಕುರಿ ಅವೆ, ಮರಿ ಇನ್ನೂ ನೆಟ್ಟಗೆ ನಡಿಯಾಕಿಲ್ಲ. ಅವನ್ನ ಹೈವೇಗೆ ಬಿಡ್ಲಾ? ನೀರು ಕೇಳ್ದೋಳಿಗೆ ಹೊರಗೆ ಹೋಗು ಅನ್ನೋದು ಯಾವೂರ ನ್ಯಾಯ?”

ಓಬಳೇಶನಿಗೂ ರೋಷ ಬಂತು, ಏಜೆಂಟಿನ ಮೇಲೆ. “ಅದುಕ್ಕೆ ತಲೆ ಇಲ್ಲಣ್ಣ. ನೀರು ಅಂದ್ರೆ ಬುಕ್ಕಿಂಗೇ ರದ್ದು ಮಾಡ್ತೈತೆ ಅಂದ್ರೆ ಏನು ಹೇಳಾಣ? ಇವತ್ತೇ ಕಿತ್ತು ಬಿಸಾಕಾಣ. ಇಲ್ಲಿ ಅದಿರ್ಬೇಕು, ಇಲ್ಲ ನಾನಿರ್ಬೇಕು.”

“ಡೈಲಾಗು ಆಮೇಲೆ,” ಎಂದಳು ಪಕ್ಕದ ಮೇಜಿನ ಕಾವ್ಯಶ್ರೀ. ಯಾಕೆ ರದ್ದು ಮಾಡಿದೆ ಎಂದು ಏಜೆಂಟನ್ನೇ ಕೇಳಿ, ಬಂದ ಉತ್ತರವನ್ನು ಜೋರಾಗಿ ಓದಿದಳು:

“ನಿಂಗಕ್ಕ ಅವರು ಕಷ್ಟ ಹೇಳಿಕೊಂಡರು. ಯಾವ ಕಷ್ಟ ಬಂದರೂ ಈ ಟೂಲನ್ನೇ ಕರೆಯಬೇಕು, ಉಳಿದವರೆಲ್ಲ ಸೈಡ್ ಆಕ್ಟರ್ ಎಂದು ವಿವರಣೆಯಲ್ಲಿದೆ. ಹಾಗಾಗಿ ಇದನ್ನೇ ಬಳಸಿದೆ.”

ಪರಮೇಶ್ ಓಬಳೇಶನ ಕಡೆ ತಿರುಗಿದ.

“ಯಾರ್ ಬರ್ದಿದ್ದು?” ಎಂದ ಪರಮೇಶ್, ಗೊತ್ತಿದ್ದೂ.

“ತಮಾಷೆಗಣ್ಣ,” ಎಂದ ಓಬಳೇಶ.

“ತಮಾಷೆ,” ಎಂದಳು ನಿಂಗಕ್ಕ. “ಹೇಳ್ದಂಗೆ ಕೇಳೋದು ಒಂದು ಸಿಕ್ಕೈತೆ ಅಂತ ಅದ್ರ ಕೈಲಿ ನನ್ನ ಮರಿ ಜೀವ ತೆಗೆಸ್ತೀಯೇನಲೇ? ಏಳು ಮ್ಯಾಲೆ.”

ಇಲ್ಲಿಗೆ ಬಡಾಯಿ ಸಾಕು. ಮೊದಲು ಹೇಳಿದ್ದರಲ್ಲಿ ಐಮಂಗಲ ಎಂಬ ಊರೊಂದೇ ನಿಜ. ಓಬಳೇಶ ಕುರ್ಚಿಯಿಂದ ಎದ್ದ, ಏಳಿಸಿದ್ದು ಕೋಲು. ಅವನು ನಿಂಗಕ್ಕನ ಹಿಂದೆ ಬಸ್ಸು ಹತ್ತಿದ ಮೇಲೆ ಕಾವ್ಯಶ್ರೀ ಏಜೆಂಟಿನ ಕೈಯಿಂದಲೇ ಚಿತ್ತಯ್ಯನಿಗೆ ಜವನಗೊಂಡನಹಳ್ಳಿಯಲ್ಲಿ ಬೇರೆ ಹೊಲ ಹುಡುಕಿಸಿದಳು. ಅವನ ಮಂದೆಯಲ್ಲಿ ಎಳೆ ಮರಿಗಳಿರಲಿಲ್ಲ, ಬೈದುಕೊಂಡೇ ಒಪ್ಪಿದ. ಗೋವಿಂದಪ್ಪನ ಹೊಲ ಮತ್ತೆ ನಿಂಗಕ್ಕನಿಗಾಯಿತು, ತೊಟ್ಟಿಗೆ ನೀರೂ ಬಂತು. ವಿವರಣೆಯನ್ನೂ ಕಾವ್ಯಶ್ರೀಯೇ ಬರೆದಳು: “ಬುಕ್ಕಿಂಗ್ ರದ್ದು ಮಾಡುತ್ತದೆ. ಮಂದೆಯವರು ತಾವಾಗಿ ರದ್ದು ಮಾಡಿ ಎಂದರೆ ಮಾತ್ರ ಬಳಸಿ. ನೀರು, ಮೇವು, ಬೇಲಿಯ ದೂರಿಗೆ ಬಳಸಬೇಡಿ. ಅದಕ್ಕೆ ದೂರಿನ ಟೂಲ್ ಇದೆ. ರದ್ದಾದ ಜಾಗ ಬೇರೆಯವರಿಗೆ ಹೋಗುತ್ತದೆ, ಆದ್ದರಿಂದ ಮೊದಲು ಅವರನ್ನು ಕೇಳಿ ಖಚಿತಪಡಿಸಿಕೊಳ್ಳಿ.” ಒಂದು ಪಂಚ್ ಇಲ್ಲ, ಶಿಳ್ಳೆ ಬೀಳುವ ಜಾಗವೂ ಇಲ್ಲ.

ನಮ್ಮ ಹೀರೋ? ಮಟಮಟ ಮಧ್ಯಾಹ್ನ ಹೊಲದ ನಡುವೆ ಎರಡು ಮಂದೆ ಬೇರೆ ಮಾಡುತ್ತಿದ್ದ. ದೊಡ್ಡ ಕುರಿಗಳ ಬೆನ್ನಿಗೆ ಬಣ್ಣದ ಗುರುತಿತ್ತು: ನಿಂಗಕ್ಕನದು ಕೆಂಪು, ಚಿತ್ತಯ್ಯನದು ನೀಲಿ. ಮರಿಗಳಿಗೆ ಗುರುತಿರಲಿಲ್ಲ, ಅವೆಲ್ಲ ನಿಂಗಕ್ಕನವೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ತಾನೇ ತಾಯಿ ಹುಡುಕಿ ಕೊಡುತ್ತೇನೆಂದು ಒಂದು ಮರಿಯನ್ನು ಎತ್ತಿಕೊಂಡು ಹೋಗಿ ನೀಲಿ ಕುರಿಯೊಂದರ ಮುಂದೆ ಇಳಿಸಿದ. ಅದು ಗುದ್ದಿದ್ದು ಮರಿಯನ್ನಲ್ಲ, ಅವನನ್ನು. ಮರಿ ಎದ್ದು ತೊಡರುತ್ತ ತನ್ನ ತಾಯಿಯ ಕೂಗಿನ ಕಡೆ ತಾನೇ ನಡೆಯಿತು.