ಗೇಟಿನವನು ನೋಡದ ಸೀನು

"ಒಬ್ಬೊಬ್ಬರಾಗಿ ಬನ್ನಿ, ನೂಕಬೇಡಿ," ಎನ್ನುತ್ತ ಗೇಟಿನಣ್ಣ ತನ್ನ ಮನೆಯ ಬಾಗಿಲಿಗೆ ತೋಳು ಅಡ್ಡ ಹಿಡಿದಿದ್ದ.

ನೂಕುವವರು ಯಾರೂ ಇರಲಿಲ್ಲ. ಬಂದಿದ್ದವರು ಬೀದಿಯ ನಾಲ್ಕೈದು ಜನ. ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುತ್ತಲೇ ಮುದುಕನಾದವನಿಗೆ ಬಾಗಿಲು ಕಂಡರೆ ಕೈ ತಾನಾಗಿ ಅಡ್ಡ ಹೋಗುತ್ತಿತ್ತು. ಒಳಗೆ, ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಮಾಡಿದ ಜಾಗದಲ್ಲಿ, ತೀರಿಹೋದ ಅವನ ಹೆಂಡತಿಯನ್ನು ಮಲಗಿಸಿದ್ದರು.

"ಅಪ್ಪಾ, ಇದೇನು ಮೊದಲನೇ ಆಟಾನಾ?" ಮಗಳು ಮೆಲ್ಲಗೆ ಗದರಿದಳು. "ಮಧ್ಯಾಹ್ನಕ್ಕೆ ಗಾಡಿ ಬರುತ್ತೆ. ಒಳಗೆ ಬಂದು ಅಮ್ಮನ ಹತ್ರ ಕೂತ್ಕೋ."

"ಬರ್ತೀನಮ್ಮ. ಜನ ಬರ್ತಿದ್ದಾರಲ್ಲ."

ಆಸ್ಪತ್ರೆಯಿಂದ ತಂದಾಗಿನಿಂದ ಅದೇ ಮಾತು. ಒಮ್ಮೆಯೂ ಅವನು ಹೆಂಡತಿಯ ಮುಖ ನೋಡಿರಲಿಲ್ಲ.

ಪಕ್ಕದ ಮನೆಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಂಥಾ ಕೈ ಇವರದ್ದು! ನನ್ನ ಗೂನು ಬೆನ್ನು ಕಾಣದ ಹಾಗೆ ರವಿಕೆ ಹೊಲಿದುಕೊಡ್ತಿದ್ರು. ಸಿನಿಮಾದಲ್ಲೂ ಬಂದಿದ್ರು, ಗೊತ್ತಾ? ಒಂದೇ ಸೀನು. ಆದ್ರೂ ಎಲ್ಲರ ಬಾಯಲ್ಲೂ ಅದೇ."

ಗೇಟಿನಣ್ಣನ ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

*

ಆಗ ಅವಳು ಸಿನಿಮಾ ಕಂಪನಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಒಂದು ದಿನ ಬರಬೇಕಾದ ನಟಿ ಬರಲಿಲ್ಲ. ನಿರ್ದೇಶಕರು ಸುತ್ತ ನೋಡಿ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂತಿದ್ದ ಇವಳನ್ನೇ ಎಬ್ಬಿಸಿದರು. ಬಾಗಿಲು ತೆಗೆಯಬೇಕು, ಒಂದು ಮಾತಾಡಬೇಕು, ಅಷ್ಟೇ.

ಚಿತ್ರ ಇವನ ಚಿತ್ರಮಂದಿರಕ್ಕೇ ಬಂತು. ಮೊದಲ ದಿನ ಗೇಟಿನಣ್ಣ ಬಾಗಿಲಿಗೆ ಇಳಿಬಿಟ್ಟ ಪರದೆಯ ಈಚೆ ನಿಂತಿದ್ದ. ಯಾವ ಚಿತ್ರವನ್ನೂ ಅವನು ಕಣ್ಣಿಂದ ನೋಡಿದವನಲ್ಲ, ಕಿವಿಯಿಂದಲೇ ಕಂಡವನು. ಬಾಗಿಲು ಬಡಿದ ಸದ್ದಾಯಿತು. ಆಮೇಲೆ ಅವಳ ದನಿ: "ಮೊದಲು ಗುಂಡಿ ಹಾಕ್ಕೊಂಡು ಬಾ."

ಮನೆಯಲ್ಲಿ ದಿನಾ ತನಗೆ ಹೇಳುವ ಮಾತು! ಒಳಗೆ ಸಾವಿರ ಗಂಟಲು ಒಟ್ಟಿಗೆ ನಕ್ಕವು, ಸಿಳ್ಳೆ ಹೊಡೆದವು. ಇವನ ಕಿವಿ ಕಾದುಹೋಯಿತು. ಅಂದಿನಿಂದ ಬಾಗಿಲು ಬಡಿಯುವ ಸದ್ದು ಕೇಳಿದರೆ ಸಾಕು, ಸೈಕಲ್ ಸ್ಟ್ಯಾಂಡಿಗೆ ನಡೆದುಬಿಡುತ್ತಿದ್ದ.

"ನೋಡಿದ್ರಾ?" ಎಂದು ಅವಳು ಕೇಳಿದ್ದಳು.

"ಹ್ಞೂಂ."

"ಹೇಗಿತ್ತು?"

"ಜನ ನಕ್ಕರು."

ಅವಳ ಮುಖ ಅರಳಿತ್ತು. ಅದು ಯಾಕೆಂದು ಅವನಿಗೆ ಅರ್ಥವಾಗಲಿಲ್ಲ. ಮುಂದಿನ ಚಿತ್ರದಲ್ಲಿ ಪೂರ್ತಿ ಪಾತ್ರ ಕೊಡುತ್ತೇವೆಂದು ಕಂಪನಿಯವರು ಮನೆಗೇ ಬಂದಾಗ ಅವನೇ ಮುಂದೆ ನಿಂತು, "ಒಂದು ಸಲ ನಗೆಪಾಟಲಾಗಿದ್ದು ಸಾಲದಾ?" ಎಂದ. ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಮೇಜಿನ ಮೇಲಿದ್ದ ಪಿನ್ನು ತೆಗೆದು ತುಟಿಗಿಟ್ಟುಕೊಂಡು ಯಂತ್ರ ತುಳಿಯತೊಡಗಿದಳು.

*

"ಎಷ್ಟು ಸಲ ಓಡಿಸಿದ್ದೀನಿ ಆ ರೀಲು!" ಬಾಗಿಲ ಬಳಿಯೇ ಕುಕ್ಕರಿಸಿದ್ದ ರೀಲಣ್ಣ ಹೇಳಿದ. ಅವನು ಅದೇ ಚಿತ್ರಮಂದಿರದಲ್ಲಿ ಯಂತ್ರ ನಡೆಸುತ್ತಿದ್ದವನು.

"ನಾನು ನೋಡೇ ಇಲ್ಲ," ಎಂದಳು ಮಗಳು. "ಟಿವಿಯಲ್ಲಿ ಬಂದಾಗೆಲ್ಲ ಕಾದಿದ್ದೆ. ಆ ಸೀನೇ ಇರಲ್ಲ."

"ಜಾಹೀರಾತಿಗೆ ಜಾಗ ಬೇಕಲ್ಲ, ಕತ್ತರಿಸಿದ್ದಾರೆ ಪಾಪಿಗಳು. ನೋಡು, ಹೀಗಿತ್ತು." ರೀಲಣ್ಣ ಮೊಣಕಾಲು ಹಿಡಿದು ಎದ್ದ. "ಹೀರೋ ಎದೆ ಸೆಟೆಸಿ ಬಾಗಿಲು ಬಡೀತಾನೆ. ಊರನ್ನೇ ಸುಡೋ ಹಾಗೆ ಕೂಗ್ತಾನೆ. ನಿಮ್ಮಮ್ಮ ಬಾಗಿಲು ತೆಗೆದು ಮೇಲಿಂದ ಕೆಳಗೆ ನೋಡಿ, ಬಾಯಲ್ಲಿದ್ದ ಪಿನ್ನು ತೆಗೆದು, 'ಮೊದಲು ಗುಂಡಿ ಹಾಕ್ಕೊಂಡು ಬಾ' ಅಂತ ರಪ್ಪಂತ ಬಾಗಿಲು ಹಾಕ್ತಾರೆ. ಬರೆದಿದ್ದ ಮಾತೇ ಅಲ್ಲ ಅದು! ಅವನ ಗುಂಡಿ ನಿಜವಾಗ್ಲೂ ಬಿಚ್ಚಿತ್ತಂತೆ. ಹೀರೋ ಮುಖ ನೋಡಬೇಕಿತ್ತು, ಮೊಟ್ಟೆ ಕದ್ದು ಸಿಕ್ಕಿಬಿದ್ದವನ ಹಾಗೆ!"

ಪಕ್ಕದ ಮನೆಯಾಕೆ ಅಳುತ್ತಲೇ ನಕ್ಕಳು.

"ಹೀರೋನ ನೋಡಿ ನಕ್ಕಿದ್ದಾ?" ಗೇಟಿನಣ್ಣ ಕೇಳಿದ.

"ಮತ್ಯಾರನ್ನ?"

"ಇವಳನ್ನ ಅಂದ್ಕೊಂಡಿದ್ದೆ."

"ನಿಂಗೇನು ತಲೆ ನೆಟ್ಟಗಿದೆಯಾ? ಇನ್ನೊಂದ್ಸಲ ಬಾಗಿಲು ತೆಗೀಲಿ ಅಂತ ಜನ ಚಪ್ಪಾಳೆ ಹೊಡೀತಿದ್ರು. ಗೇಟಲ್ಲೇ ಇದ್ದೆಯಲ್ಲೋ ಮಹರಾಯ, ಪರದೆ ಸರಿಸಿದ್ರೆ ಕಾಣ್ತಿತ್ತು."

"ಸೈಕಲ್ ಸ್ಟ್ಯಾಂಡಲ್ಲಿದ್ದೆ."

ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಬೀದಿಯ ಕೊನೆಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು.

ಗೇಟಿನಣ್ಣ ಬಾಗಿಲಿಂದ ತೋಳು ಇಳಿಸಿದ. ತನ್ನ ಅಂಗಿಯನ್ನೊಮ್ಮೆ ಬಗ್ಗಿ ನೋಡಿಕೊಂಡ. ಎದೆಯ ಬಳಿ ಒಂದು ಗುಂಡಿ ಬಿಚ್ಚಿತ್ತು. ಅದನ್ನು ಹಾಕಲು ಬೆರಳುಗಳು ಬಹಳ ಹೊತ್ತು ತಡವರಿಸಿದವು. ಮಗಳು ಸಹಾಯಕ್ಕೆ ಬಂದರೆ ಬೇಡವೆಂದು ತಲೆಯಾಡಿಸಿದ. ಗುಂಡಿ ಕೂತ ಮೇಲೆ ಒಳಗೆ ಹೋದ. ಒಂದು ಕುರ್ಚಿಯನ್ನು ಎಲ್ಲರಿಗಿಂತ ಮುಂದಕ್ಕೆ ಎಳೆದು, ಅವಳಿಗೆ ಎದುರಾಗಿ ಹಾಕಿ ಕೂತ. ಎರಡೂ ಕೈ ಮೊಣಕಾಲ ಮೇಲಿಟ್ಟು ಅವಳ ಮುಖವನ್ನು ನೋಡತೊಡಗಿದ.

ಹೊರಗೆ ಗಾಡಿಯವನು ಎರಡನೇ ಸಲ ಹಾರ್ನ್ ಮಾಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.